ಹದಿನೈದು ಮೀಟರ್ ಫಿಲ್ಮು ಮತ್ತು ಡೆರೆಕ್ ಜಾರ್ಮನ್

ಬ್ರಿಟಿಷ್ ಸಿನಿಮಾ ನಿರ್ದೇಶಕ ಡೆರೆಕ್ ಜಾರ್ಮನ್‌ನ ‘ದಿ ಏಂಜೆಲಿಕ್ ಕಾನ್ವರ್ಸೇಷನ್’ ಅಥವಾ ‘ದಿ ಲಾಸ್ಟ್ ಆಫ್ ಇಂಗ್ಲೆಂಡ್’ ಹಾಕಿದ ಕಡೆಯಲ್ಲೆಲ್ಲ, ಸಿನಿಮಾ ಶುರುವಾಗಿ ಹತ್ತು ನಿಮಿಷ ಆಗುವುದರೊಳಗೆ ಯಾರಾದರೊಬ್ಬರು ಪಕ್ಕದವರ ಕಡೆ ಬಾಗಿ ಕೇಳುತ್ತಾರೆ: “ಪ್ರಿಂಟ್ ಹಾಳಾಗಿದೆಯಾ?” ಪರದೆ ತುಂಬಾ ತರಿತರಿ. ಮುಖದ ಅಂಚು ಹಿನ್ನೆಲೆಗೆ ಕರಗಿಹೋಗಿದೆ. ನಡೆಯುವವನು ನಡೆಯುತ್ತಿದ್ದಾನೋ ನಿಂತಿದ್ದಾನೋ ಗೊತ್ತಾಗುವುದಿಲ್ಲ, ಹೆಜ್ಜೆ ಹೆಜ್ಜೆಗೂ ಚಿತ್ರ ತಡವರಿಸುತ್ತದೆ. ಪ್ರದರ್ಶನ ಮುಗಿದ ಮೇಲೆ ಮಾತಾಡಲು ನಿಂತವರು ಕ್ಷಮೆ ಕೇಳುವ ದನಿಯಲ್ಲಿ “ಪಾಪ, ಬಜೆಟ್ ಇರಲಿಲ್ಲ” ಅಂದು, ಬೇರೆ ಅಧ್ಯಾಯ ತೆರೆದಂತೆ ಅವನ ಗೇ ಹಕ್ಕುಗಳ ಹೋರಾಟದ ವಿಷಯಕ್ಕೆ ಬರುತ್ತಾರೆ. ಅತ್ತ ಸಿನಿಮಾ, ಇತ್ತ ಹೋರಾಟ. ಈ ವಿಂಗಡಣೆ ಬಹಳ ಕಾಲದಿಂದ ಕಿರಿಕಿರಿ ಮಾಡುತ್ತಿದೆ. ಆ ತರಿತರಿ ಎಲ್ಲಿಂದ ಬಂತು, ಎಷ್ಟು ಹಣಕ್ಕೆ ಬಂತು, ಅದನ್ನು ಯಾಕೆ ಬಿಡದೆ ಉಳಿಸಿಕೊಂಡ ಎಂದು ಲೆಕ್ಕ ಹಾಕುತ್ತ ಹೋದರೆ, ಅವನ ಕ್ಯಾಮೆರಾ ಚೀಲವೂ ಅವನ ರಾಜಕೀಯವೂ ಬೇರೆ ಬೇರೆ ಅಂತ ನನಗಂತೂ ಅನ್ನಿಸುವುದಿಲ್ಲ.

ಜಾರ್ಮನ್ (1942–1994) ಮೊದಲಿಗೆ ಚಿತ್ರಕಾರ. ಲಂಡನ್ನಿನ ಸ್ಲೇಡ್ ಕಲಾಶಾಲೆಯಲ್ಲಿ ಕಲಿತ, ಬ್ಯಾಲೆ ಮತ್ತು ಆಪೆರಾಗಳಿಗೆ ರಂಗಸಜ್ಜಿಕೆ ಮಾಡಿದ, ಕೆನ್ ರಸೆಲ್‌ನ ‘ದಿ ಡೆವಿಲ್ಸ್’ (1971) ಚಿತ್ರಕ್ಕೆ ಇಡೀ ಒಂದು ಬಿಳಿ ಊರನ್ನೇ ಕಟ್ಟಿಕೊಟ್ಟ. ದೊಡ್ಡ ಸ್ಟುಡಿಯೋ ಸಿನಿಮಾ ಹೇಗೆ ನಡೆಯುತ್ತದೆ, ಎಷ್ಟು ಜನ ಬೇಕು, ಎಷ್ಟು ಹಣ ಸೋರುತ್ತದೆ ಎಂಬುದನ್ನೆಲ್ಲ ಒಳಗಿನಿಂದ ನೋಡಿದವನು. ಹಾಗಾಗಿ ಅವನು ಸೂಪರ್ 8 ಕ್ಯಾಮೆರಾ ಕೈಗೆತ್ತಿಕೊಂಡದ್ದನ್ನು ಗೊತ್ತಿಲ್ಲದವನ ಬಡತನ ಅನ್ನಲಾಗದು.

ಕಾರ್ಟ್ರಿಜ್ ಲೆಕ್ಕ

ಸೂಪರ್ 8 ಅಂದರೆ ಮದುವೆ, ಮಗುವಿನ ಹುಟ್ಟುಹಬ್ಬ, ಬೀಚು ಇವನ್ನು ಹಿಡಿದಿಡಲೆಂದು ಕೊಡಕ್ 1965ರಲ್ಲಿ ಮಾರುಕಟ್ಟೆಗೆ ಬಿಟ್ಟ ಫಿಲ್ಮು. ಪ್ಲಾಸ್ಟಿಕ್ ಕಾರ್ಟ್ರಿಜ್‌ನೊಳಗೆ 50 ಅಡಿ, ಅಂದರೆ ಸುಮಾರು 15 ಮೀಟರ್ ಫಿಲ್ಮು, 3600 ಫ್ರೇಮ್. ಕತ್ತಲೆ ಕೋಣೆ ಬೇಡ, ನೂಲು ಪೋಣಿಸಿದ ಹಾಗೆ ಗೇಟಿನಲ್ಲಿ ಎಳೆಯುವ ರಗಳೆ ಇಲ್ಲ, ತಳ್ಳಿದರೆ ‘ಟಕ್’ ಅಂತ ಕೂರುತ್ತದೆ. ಸೆಕೆಂಡಿಗೆ 18 ಫ್ರೇಮಿನಂತೆ ಓಡಿಸಿದರೆ 3 ನಿಮಿಷ 20 ಸೆಕೆಂಡು ಬಾಳುತ್ತದೆ. ಅಷ್ಟೇ ಉದ್ದದ 35 ಎಂಎಂ ಫಿಲ್ಮು ಚಿತ್ರಮಂದಿರದ ವೇಗದಲ್ಲಿ ಅರ್ಧ ನಿಮಿಷ ದಾಟುವಷ್ಟರಲ್ಲಿ ಖಾಲಿ.

ಜಾರ್ಮನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಕ್ಯಾಮೆರಾವನ್ನು ಸೆಕೆಂಡಿಗೆ 3ರಿಂದ 6 ಫ್ರೇಮಿಗೆ ಇಳಿಸಿದ. ಆರು ಫ್ರೇಮಿಗೆ ಅದೇ ಕಾರ್ಟ್ರಿಜ್ ಹತ್ತು ನಿಮಿಷ ಬರುತ್ತದೆ, ಮೂರಕ್ಕೆ ಇಪ್ಪತ್ತು ನಿಮಿಷ. ಇದರಲ್ಲಿ ಫಿಲ್ಮಿನ ಉಳಿತಾಯದ ಜತೆಗೆ ಬೆಳಕಿನ ಉಳಿತಾಯವೂ ಇದೆ. ವೇಗ ಇಳಿದಷ್ಟೂ ಪ್ರತಿ ಫ್ರೇಮಿಗೆ ಶಟರ್ ತೆರೆದಿರುವ ಹೊತ್ತು ಹೆಚ್ಚುತ್ತದೆ. ಹದಿನೆಂಟರಿಂದ ಆರಕ್ಕೆ ಇಳಿಸಿದರೆ ಮೂರು ಪಟ್ಟು ಬೆಳಕು, ಅಂದರೆ ಒಂದೂವರೆ ಸ್ಟಾಪ್‌ನಷ್ಟು ಲಾಭ (ಒಂದು ಸ್ಟಾಪ್ ಹೆಚ್ಚಿದರೆ ಬೆಳಕು ಎರಡು ಪಟ್ಟು). ಆ ಕಾಲದ ಕೊಡಾಕ್ರೋಮ್ 40 ಬಲು ನಿಧಾನದ, ಅಂದರೆ ಹೆಚ್ಚು ಬೆಳಕು ಬೇಡುವ ಫಿಲ್ಮು; 40 ಅದರ ಸಂವೇದನೆಯ ಅಂಕಿ. ಬಿಸಿಲಿಗೆ ಕಿತ್ತಳೆ ಫಿಲ್ಟರ್ ಹಾಕಿದರೆ ಅದರ ಸಂವೇದನೆ 25ಕ್ಕೆ ಇಳಿಯುತ್ತದೆ. ಇಂಗ್ಲೆಂಡಿನ ಮೋಡದ ಮಧ್ಯಾಹ್ನದಲ್ಲಿ, ಸಮುದ್ರದಂಡೆಯ ಗುಹೆಯೊಳಗೆ, ಲೈಟು ಜನರೇಟರುಗಳಿಲ್ಲದೆ ಚಿತ್ರೀಕರಿಸಲು ಈ ಒಂದೂವರೆ ಸ್ಟಾಪೇ ಆಧಾರ. ಇದಕ್ಕೆ ತೆರಬೇಕಾದ ಬೆಲೆ ಇಷ್ಟು: ಅಲುಗಿದ್ದೆಲ್ಲ ಮಸುಕಾಗುತ್ತದೆ. ಕೈ ಬೀಸಿದರೆ ಕೈಯ ಜಾಗದಲ್ಲಿ ಹೊಗೆ. ಆದ್ದರಿಂದ ನಟರು ಸಾವಕಾಶವಾಗಿ ಚಲಿಸಬೇಕು, ಕ್ಯಾಮೆರಾ ಹಿಡಿದವನು ಉಸಿರು ಬಿಗಿಹಿಡಿಯಬೇಕು. ತುಟಿ ಚಲನೆಗೆ ಮಾತು ಹೊಂದಿಸುವುದಂತೂ ಆಗದ ಕೆಲಸ. ಮಾತು ಬೇಕಿದ್ದರೆ ಆಮೇಲೆ ಮೇಲಿನಿಂದ ಹಾಕಬೇಕು.

ಹೀಗೆ ಚಿತ್ರೀಕರಿಸಲು ಎಷ್ಟು ಜನ ಬೇಕು? ಒಬ್ಬನಿಗೆ ಕ್ಯಾಮೆರಾ, ಇಬ್ಬರು ಗೆಳೆಯರು ಅದರ ಮುಂದೆ, ಒಬ್ಬನ ಕೈಯಲ್ಲಿ ಕನ್ನಡಿಯೋ ಪಂಜೋ. ಸ್ಕ್ರಿಪ್ಟನ್ನು ಯಾರಿಗೂ ಮೊದಲೇ ತೋರಿಸಬೇಕಾಗಿಲ್ಲ. ಇದು ಮುಖ್ಯ ಅಂತ ಗೊತ್ತಾಗುವುದು ‘ಕಾರವಾಜಿಯೋ’ ಚಿತ್ರದ ಕಥೆ ಕೇಳಿದಾಗ. ಆ ಚಿತ್ರಕ್ಕೆ ಹಣ ಹುಟ್ಟಲು ಏಳು ವರ್ಷ ಹಿಡಿಯಿತು. ಸ್ಕ್ರಿಪ್ಟ್ ತಿದ್ದಿದ್ದೇ ತಿದ್ದಿದ್ದು. ಕೊನೆಗೆ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 4,75,000 ಪೌಂಡ್ ಕೊಟ್ಟು 1986ರಲ್ಲಿ ಬಿಡುಗಡೆಯಾಯಿತು. ಆ ಏಳು ವರ್ಷ ಅವನು ಕೈಕಟ್ಟಿ ಕೂತಿದ್ದಿದ್ದರೆ ಇವತ್ತು ಅವನ ಬಗ್ಗೆ ಬರೆಯುವಂಥದ್ದು ಅರ್ಧವೂ ಇರುತ್ತಿರಲಿಲ್ಲ. (ಮೊಬೈಲಿನಲ್ಲಿ ಶಾರ್ಟ್ ಫಿಲ್ಮ್ ಮಾಡಬಹುದಾದ ಈ ಕಾಲದಲ್ಲೂ ನಮ್ಮ ಹುಡುಗರು “ಯಾವ ಕ್ಯಾಮೆರಾ ಬಾಡಿಗೆಗೆ ತರಲಿ” ಅಂತಲೇ ಮೊದಲು ಕೇಳುವುದು ನೋಡಿದರೆ ನಗು ಬರುತ್ತದೆ.)

ಗೋಡೆಯ ಮೇಲೆ ಮತ್ತೊಂದು ಸಲ

‘ದಿ ಏಂಜೆಲಿಕ್ ಕಾನ್ವರ್ಸೇಷನ್’ (1985) ಅವನ ಮನಸ್ಸಿಗೆ ತೀರಾ ಹತ್ತಿರವಾಗಿದ್ದ ಚಿತ್ರ. ಅದರ ತಯಾರಿಯ ಹಂತಗಳನ್ನು ಒಂದೊಂದಾಗಿ ನೋಡಬೇಕು. ಡಾರ್ಸೆಟ್ ಕರಾವಳಿಯ ಬಂಡೆಗಳ ನಡುವೆ, ಮಾಂಟಾಕ್ಯೂಟ್ ಎಂಬ ಹಳೆಯ ಮಹಲಿನ ತೋಟದಲ್ಲಿ ಸೂಪರ್ 8ರಲ್ಲಿ ಚಿತ್ರೀಕರಣ. ತೊಳೆದು ಬಂದ ಫಿಲ್ಮನ್ನು ಅದೇ 3ರಿಂದ 6 ಫ್ರೇಮಿನ ಆಮೆ ವೇಗದಲ್ಲಿ ಪ್ರೊಜೆಕ್ಟ್ ಮಾಡಿ, ಮೂಡಿದ ಬಿಂಬವನ್ನು ವಿಡಿಯೋ ಕ್ಯಾಮೆರಾದಲ್ಲಿ ಮತ್ತೆ ಹಿಡಿಯುವುದು. ವಿಡಿಯೋದಲ್ಲಿ ಬಣ್ಣ ತಿದ್ದಿ, ಕತ್ತರಿಸಿ ಜೋಡಿಸಿ, ಕೊನೆಗೆ ಅದನ್ನು 35 ಎಂಎಂಗೆ ಹಿಗ್ಗಿಸುವುದು.

ಪ್ರತಿ ಹಂತದಲ್ಲೂ ಏನಾದರೊಂದು ಕೆಡುತ್ತದೆ. ಇದು ರಿವರ್ಸಲ್ ಫಿಲ್ಮು, ನೆಗೆಟಿವ್ ಇಲ್ಲ, ತೊಳೆದು ಬಂದದ್ದೇ ಏಕಮಾತ್ರ ಪ್ರತಿ. ಪ್ರೊಜೆಕ್ಟರಿನಲ್ಲಿ ಓಡಿಸಿದಷ್ಟು ಸಲ ಗೀರು. ಸಾಮಾನ್ಯ ಪ್ರೊಜೆಕ್ಟರು 18, 24 ಬಿಟ್ಟರೆ ಬೇರೆ ವೇಗಕ್ಕೆ ಬಗ್ಗುವುದಿಲ್ಲ. ಇಳಿದು ಓಡುವ ಯಂತ್ರ ಸಿಕ್ಕರೂ, ಒಂದು ಫ್ರೇಮು ಸೆಕೆಂಡಿನ ಮೂರನೇ ಒಂದು ಭಾಗ ಬಲ್ಬಿನ ಮುಂದೆ ನಿಂತೇ ಇರುವುದರಿಂದ ಶಾಖ ತಡೆಯುವ ಗಾಜು ಬೇಕು, ಇಲ್ಲದಿದ್ದರೆ ಫಿಲ್ಮು ಬೆಂದುಹೋಗುತ್ತದೆ. ಗಾಜು ಹಾಕಿದರೆ ಬೆಳಕು ಕಡಿಮೆ. ಬೆಳಕು ಕಡಿಮೆಯಾದರೆ ಬಿಂಬವನ್ನು ಚಿಕ್ಕದು ಮಾಡಿಕೊಳ್ಳಬೇಕು, ಆಗ ನಡುವೆ ಹೊಳಪು ಹೆಚ್ಚಿ ಅಂಚು ಕತ್ತಲಾಗುತ್ತದೆ. ವಿಡಿಯೋ ಕ್ಯಾಮೆರಾ ಸೆಕೆಂಡಿಗೆ 25 ಚಿತ್ರ ಹಿಡಿಯುತ್ತದೆ, ಪ್ರೊಜೆಕ್ಟರಿನ ಮಿಣುಕು ಅದಕ್ಕೆ ತಾಳೆಯಾಗದೆ ಬೆಳಕು ಉಬ್ಬಿ ಇಳಿಯುತ್ತದೆ. ಅಂದಿನ ಲೋ-ಬ್ಯಾಂಡ್ ಯು-ಮ್ಯಾಟಿಕ್ ಟೇಪಿನಲ್ಲಿ ಸಿಗುತ್ತಿದ್ದದ್ದು ಸುಮಾರು 250 ಗೆರೆಗಳಷ್ಟು ಸ್ಪಷ್ಟತೆ. ಕೆಂಪು ಬಣ್ಣವಂತೂ ತನ್ನ ಗಡಿ ದಾಟಿ ಪಕ್ಕಕ್ಕೆ ಹರಿಯುತ್ತದೆ. ಇಷ್ಟೆಲ್ಲ ಆಗಿ, ಮೂಲದಲ್ಲಿ ನಾಲ್ಕು ಮಿಲಿಮೀಟರ್ ಎತ್ತರವಿದ್ದ ಫ್ರೇಮು ನಾಲ್ಕು ಮೀಟರಿನ ಪರದೆಗೆ ಬರುವಾಗ ಸಾವಿರ ಪಟ್ಟು ಹಿಗ್ಗಿರುತ್ತದೆ.

ಲ್ಯಾಬಿನವರು ‘ಲೋಪ’ ಅನ್ನುವುದನ್ನೆಲ್ಲ ಜಾರ್ಮನ್ ಬೇಕೆಂದೇ ಇಟ್ಟುಕೊಂಡ. ಇಬ್ಬರು ಗಂಡಸರು ಒಬ್ಬರನ್ನೊಬ್ಬರು ಹುಡುಕುತ್ತಾರೆ, ಒಬ್ಬ ಭಾರ ಹೊತ್ತು ನಡೆಯುತ್ತಾನೆ, ನೀರಿನಲ್ಲಿ ಮೀಯುತ್ತಾನೆ, ಕೊನೆಗೆ ಕೂಡುತ್ತಾರೆ. ಬಿಂಬ ಒಂದು ಕ್ಷಣ ನಿಂತು ಮುಂದಿನದಕ್ಕೆ ಜಾರುವುದರಿಂದ ಒಂದು ಮುತ್ತು ಕೂಡ ಹತ್ತಾರು ಸ್ಥಿರಚಿತ್ರಗಳಾಗಿ ಬಿಡಿಸಿಕೊಳ್ಳುತ್ತದೆ. ಮೇಲಿನಿಂದ ಜೂಡಿ ಡೆಂಚ್ ದನಿಯಲ್ಲಿ ಶೇಕ್ಸ್‌ಪಿಯರನ ಹದಿನಾಲ್ಕು ಸಾನೆಟ್. ಇಂಗ್ಲಿಷ್ ಕ್ಲಾಸಿನಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಸಾನೆಟ್‌ಗಳಲ್ಲಿ ಬಹುಪಾಲು ಒಬ್ಬ ತರುಣನನ್ನು ಕುರಿತದ್ದು ಎಂಬ ಮಾತನ್ನು ಮೇಷ್ಟ್ರು ಹೇಳುವುದಿಲ್ಲ, ಪರೀಕ್ಷೆಗೂ ಬರುವುದಿಲ್ಲ. ಈ ಚಿತ್ರ ವಾದವನ್ನೇ ಹೂಡದೆ ಅದನ್ನು ಕಣ್ಣಿಗೆ ಕಾಣಿಸುತ್ತದೆ. ಹೆಣ್ಣುದನಿಯನ್ನು ಆರಿಸಿದ್ದೂ ಜಾಣತನ. ಇಬ್ಬರಲ್ಲಿ ಯಾರು ಪ್ರೇಮಿ, ಯಾರು ಪ್ರಿಯ ಎಂದು ಹಂಚುವ ಗೊಡವೆಯೇ ಇಲ್ಲ.

ನೋಡುಗ ಇಣುಕುವ ಸುಖವನ್ನೂ ಈ ತರಿತರಿ ಕಿತ್ತುಕೊಳ್ಳುತ್ತದೆ. 1985ರಲ್ಲಿ ಚಾನೆಲ್ 4 ಅವನ ‘ಸೆಬಾಸ್ಟಿಯಾನೆ’ ಮತ್ತು ‘ಜುಬಿಲಿ’ಗಳನ್ನು ಪ್ರಸಾರ ಮಾಡಿದಾಗ ನೈತಿಕತೆಯ ಕಾವಲುಗಾರ್ತಿ ಮೇರಿ ವೈಟ್‌ಹೌಸ್ ಬಳಗ ಕೆಂಡವಾಯಿತು. ಮರುವರ್ಷ ಸಂಸದ ವಿನ್‌ಸ್ಟನ್ ಚರ್ಚಿಲ್ (ಆ ಪ್ರಧಾನಿಯ ಮೊಮ್ಮಗ) ಅಶ್ಲೀಲತೆಯ ಕಾನೂನನ್ನು ಟಿವಿಗೂ ಹಬ್ಬಿಸುವ ಮಸೂದೆ ತಂದ. ಅದು ಪಾಸಾಗಲಿಲ್ಲ. ಆದರೆ ಗಂಡಸಿನ ಬೆತ್ತಲೆ ಮೈಯನ್ನು ಸ್ಪಷ್ಟವಾಗಿ ತೋರಿಸಿದರೆ ಅದನ್ನು ಯಾರು ಹೇಗೆ ಬಳಸಿಕೊಳ್ಳುತ್ತಾರೆ ಎಂಬ ಪಾಠ ಅಲ್ಲಿತ್ತು.

ಸೆಕ್ಷನ್ 28 ಕೆಲಸ ಮಾಡಿದ ಬಗೆ

1986ರ ಡಿಸೆಂಬರ್ 22ರಂದು ಜಾರ್ಮನ್‌ಗೆ ಎಚ್‌ಐವಿ ಇದೆ ಎಂದು ಗೊತ್ತಾಯಿತು. ಮುಂದಿನ ವರ್ಷವೇ ಅದನ್ನು ಬಹಿರಂಗವಾಗಿ ಹೇಳಿದ. ಆಗಿನ ಬ್ರಿಟನ್ನಿನಲ್ಲಿ ಹೆಸರಿದ್ದವರು ಹಾಗೆ ಹೇಳುವುದು ಬಲು ಅಪರೂಪ. ಸಿನಿಮಾದವನಿಗೆ ಇದು ಮಾನದ ಪ್ರಶ್ನೆಗಿಂತ ವಿಮೆಯ ಪ್ರಶ್ನೆ. ಹಣ ಹಾಕುವವರು ನಿರ್ದೇಶಕ ಚಿತ್ರ ಮುಗಿಸುತ್ತಾನೆಂಬ ಖಾತ್ರಿ ಕೇಳುತ್ತಾರೆ. ಮುಂದೆ ‘ಎಡ್ವರ್ಡ್ II’ ಮಾಡುವಾಗ ಅವನ ಮೈ ಸರಿಯಿಲ್ಲದ ದಿನಗಳಲ್ಲಿ ನಿರ್ದೇಶನ ನೋಡಿಕೊಳ್ಳಲು ಕೆನ್ ಬಟ್ಲರ್ ಜತೆಗಿದ್ದ. ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಸುಲಭವಾಗುತ್ತಿತ್ತು.

ಅಷ್ಟರಲ್ಲಿ 1988ರ ಮೇ 24ರಿಂದ ಸೆಕ್ಷನ್ 28 ಜಾರಿಗೆ ಬಂತು. ನಗರಸಭೆ, ಕೌನ್ಸಿಲುಗಳು ಸಲಿಂಗಪ್ರೇಮವನ್ನು ‘ಪ್ರೋತ್ಸಾಹಿಸಬಾರದು’, ಕೌನ್ಸಿಲಿನ ಶಾಲೆಗಳಲ್ಲಿ ಅದನ್ನು ಒಪ್ಪಿತ ಕುಟುಂಬ ಸಂಬಂಧವೆಂದು ಕಲಿಸುವುದಕ್ಕೆ ಉತ್ತೇಜನ ಕೊಡಬಾರದು ಅನ್ನುವ ಕಲಮು. ಸಲಿಂಗಕಾಮವನ್ನು ಅಪರಾಧವೆನ್ನುತ್ತಿದ್ದ ನಮ್ಮ ಸೆಕ್ಷನ್ 377ರ ಹಾಗೆ (ಅದೂ ಅವರೇ ಬಿಟ್ಟುಹೋದದ್ದು) ಇದು ಪೊಲೀಸರ ಕೈಗೆ ಲಾಠಿ ಕೊಡಲಿಲ್ಲ. ಇದರಡಿ ಒಬ್ಬರಿಗೂ ಶಿಕ್ಷೆಯಾಗಲಿಲ್ಲ. ಅದರ ಬಲ ಇದ್ದದ್ದು ಅನುಮಾನದಲ್ಲಿ. ‘ಪ್ರೋತ್ಸಾಹ’ ಅಂದರೆ ಏನೆಂದು ಕಾನೂನು ವಿವರಿಸಿರಲಿಲ್ಲ. ಹಾಗಾಗಿ ಲೈಬ್ರರಿಯವರು ಯಾವ ಪುಸ್ತಕ ತರಿಸುವುದು, ಮೇಷ್ಟ್ರು ಪೆಟ್ಟು ತಿಂದು ಬಂದ ಹುಡುಗನಿಗೆ ಏನು ಹೇಳುವುದು, ಕೌನ್ಸಿಲಿನ ಅನುದಾನದಲ್ಲಿ ನಡೆಯುವ ರಂಗಮಂದಿರ ಯಾವ ನಾಟಕ ಹಾಕುವುದು ಎಲ್ಲದಕ್ಕೂ ಮೊದಲು ವಕೀಲರನ್ನು ಕೇಳುವ ಪರಿಸ್ಥಿತಿ. ಕೇಳುವ ತಾಪತ್ರಯವೇ ಬೇಡವೆಂದು ಕೈಬಿಟ್ಟವರೇ ಹೆಚ್ಚು. ಅಧಿಕಾರಿಗಳಿರುವ ಯಾವ ಊರಿನವರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಕಾನೂನಿಗೆ ಕೋರ್ಟಿನಲ್ಲಿ ಉತ್ತರ ಕೊಡುವುದು ಕಷ್ಟ, ಯಾಕೆಂದರೆ ಕೇಸೇ ಇರುವುದಿಲ್ಲ. ಹೇಳಬಾರದ್ದನ್ನು ಎಲ್ಲರಿಗೂ ಕೇಳುವಂತೆ ಹೇಳುತ್ತಲೇ ಇರುವುದು ಉಳಿದ ದಾರಿ. 1989ರಲ್ಲಿ ಗ್ಲಾಸ್ಗೋದ ಥರ್ಡ್ ಐ ಸೆಂಟರಿನಲ್ಲಿ ಜಾರ್ಮನ್ ಒಂದು ಕೋಣೆ ಮಾಡಿದ: ಗೋಡೆಗೆ ಏಡ್ಸ್ ಬಗ್ಗೆ ವಿಷ ಕಾರಿದ ಟ್ಯಾಬ್ಲಾಯ್ಡ್ ಪತ್ರಿಕೆಗಳ ಹಾಳೆ, ನಡುವೆ ಮುಳ್ಳುತಂತಿಯೊಳಗೆ ಹಾಸಿಗೆ, ಹಾಸಿಗೆಯಲ್ಲಿ ಒಟ್ಟಿಗೆ ಮಲಗಿದ ಇಬ್ಬರು ಗಂಡಸರು. ಮತ್ತೆ ಅದೇ ಲೆಕ್ಕ ನೋಡಿ. ಹಳೆ ಪೇಪರು, ತಂತಿ, ಮಂಚ. 1992ರ ಚಿತ್ರಕಲಾ ಸರಣಿಯಲ್ಲೂ ಅದೇ: ಪತ್ರಿಕೆಗಳ ಮುಖಪುಟದ ಜೆರಾಕ್ಸನ್ನು ಕ್ಯಾನ್ವಾಸಿಗೆ ಅಂಟಿಸಿ ಅದರ ಮೇಲೆ ದಪ್ಪ ಬಣ್ಣ ಬಳಿದು, ಒದ್ದೆ ಬಣ್ಣದಲ್ಲೇ ಗೀಚಿದ ಅಕ್ಷರ.

‘ಎಡ್ವರ್ಡ್ II’ರ (1991) ಒಂದು ದೃಶ್ಯದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಮಾರ್ಲೋನ ನಾಲ್ಕು ಶತಮಾನದ ಹಿಂದಿನ ನಾಟಕ. ಗಂಡಸನ್ನು ಪ್ರೀತಿಸಿದ ರಾಜನ ವಿರುದ್ಧ ಶ್ರೀಮಂತರು ದಂಗೆ ಏಳುತ್ತಾರೆ. ರಾಜನ ಪರ ಒಂದು ಸೈನ್ಯ ಬೇಕು. ಕುದುರೆ, ಕವಚ, ನೂರಾರು ಎಕ್ಸ್‌ಟ್ರಾಗಳಿಗೆ ಹಣವೆಲ್ಲಿ? ಜಾರ್ಮನ್ ‘ಔಟ್‌ರೇಜ್!’ ಸಂಘಟನೆಯ ಕಾರ್ಯಕರ್ತರನ್ನೇ ಕರೆಸಿದ. 1990ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಗೇ ಹಕ್ಕುಗಳ ಗುಂಪದು, ಅವನೂ ಅದರ ಜತೆ ಬೀದಿಗಿಳಿದವನೇ. ಅವರು ತಮ್ಮ ಬಟ್ಟೆಯಲ್ಲೇ, ಭಿತ್ತಿಫಲಕ ಹಿಡಿದು ಘೋಷಣೆ ಕೂಗುತ್ತ ಹದಿನಾಲ್ಕನೇ ಶತಮಾನದ ಅರಮನೆಯೊಳಕ್ಕೆ ನುಗ್ಗುತ್ತಾರೆ. ಎದುರಿಗೆ ಶೀಲ್ಡ್, ಲಾಠಿ ಹಿಡಿದ ಇಪ್ಪತ್ತನೇ ಶತಮಾನದ ಪೊಲೀಸರು. ಅರಮನೆ ಅಂದರೆ ಸ್ಟುಡಿಯೋದೊಳಗಿನ ಬೋಳು ಗೋಡೆ ಮತ್ತು ಮಣ್ಣುನೆಲ, ಅಷ್ಟೆ. ಅಲ್ಲಿ ಯಾರೂ ಪ್ರತಿಭಟನೆಯನ್ನು ‘ನಟಿಸುತ್ತಿಲ್ಲ’, ಅದು ಮೈಯಲ್ಲಿ ಗೊತ್ತಾಗುತ್ತದೆ. ಬೀದಿಯಲ್ಲಿ ಕೂಗಿ ಕೂಗಿ ರೂಢಿಯಾದ ಗಂಟಲುಗಳವು. ಆ ಚಿತ್ರದ ಮುದ್ರಿತ ಸ್ಕ್ರಿಪ್ಟನ್ನು ಸೆಕ್ಷನ್ 28ರಂಥ ಎಲ್ಲ ಸಲಿಂಗಿ ವಿರೋಧಿ ಕಾನೂನುಗಳ ರದ್ದತಿಗೆ ಅರ್ಪಿಸಿದ್ದಾನೆ.

ಅವನ ಸಿಟ್ಟು ಯಾವಾಗಲೂ ಗುರಿ ಮುಟ್ಟಿತು ಅಂತಲ್ಲ. 1991ರ ಜನವರಿಯಲ್ಲಿ ನಟ ಇಯಾನ್ ಮೆಕೆಲೆನ್‌ಗೆ ಸರ್ ಪದವಿ ಬಂದಾಗ, ಸೆಕ್ಷನ್ 28 ತಂದ ಸರ್ಕಾರದ ಕೈಯಿಂದ ಅದನ್ನು ತೆಗೆದುಕೊಂಡದ್ದು ತಪ್ಪು ಅಂತ ಜಾರ್ಮನ್ ‘ಗಾರ್ಡಿಯನ್’ನಲ್ಲಿ ಬರೆದ. ಹದಿನೆಂಟು ಜನ ಗೇ, ಲೆಸ್ಬಿಯನ್ ಕಲಾವಿದರು ಮೆಕೆಲೆನ್ ಪರ ಸಹಿ ಹಾಕಿ ಉತ್ತರ ಕೊಟ್ಟರು. ಮೆಕೆಲೆನ್ ಜತೆಗಾರರು ಕಟ್ಟಿದ ‘ಸ್ಟೋನ್‌ವಾಲ್’ ಸಂಸ್ಥೆ ಸಂಸದರ ಕೋಣೆಗಳಿಗೆ ಹೋಗಿ, ಚಹಾ ಕುಡಿದು, ಕಡತ ಮುಂದಿಟ್ಟು ಕೆಲಸ ಮಾಡುತ್ತಿತ್ತು. ಮುಂದೆ ಕಾನೂನುಗಳು ಬದಲಾದದ್ದರಲ್ಲಿ ಆ ತಾಳ್ಮೆಯ ಪಾಲು ದೊಡ್ಡದು, ಜಾರ್ಮನ್ ಅದನ್ನು ಕಾಣಲು ಒಪ್ಪಲಿಲ್ಲ. ಆದರೆ ಹೊರಗೆ ಗದ್ದಲ ಇಲ್ಲದಿದ್ದರೆ ಒಳಗೆ ಕೂತವರ ಮಾತಿಗೆ ಕಿವಿ ಕೊಡುವವರು ಯಾರು?

ಇಂಗ್ಲೆಂಡಿನ ಕಡಲದಂಡೆಯ ಡಂಜನೆಸ್‌ನಲ್ಲಿ ಜಾರ್ಮನ್‌ಗಿದ್ದ ಕಪ್ಪು ಕುಟೀರ, ಅಣುಸ್ಥಾವರದ ನೆರಳಲ್ಲಿ ಬೆಣಚುಕಲ್ಲಿನ ಮೇಲೆ ಬೆಳೆಸಿದ ತೋಟ, ಇವುಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ಫೋಟೋಗಳೂ ಚೆಂದ. 32,000 ಪೌಂಡಿಗೆ ಕೊಂಡ ಮನೆ ಎಂಬುದನ್ನಷ್ಟೇ ಇಲ್ಲಿ ಹೇಳಿ ಮುಂದಕ್ಕೆ ಹೋಗುತ್ತೇನೆ.

ಚಿತ್ರವೇ ಇಲ್ಲದ ಚಿತ್ರ

ಏಡ್ಸ್‌ನ ಹೊತ್ತಿನಲ್ಲಿ ಸೈಟೊಮೆಗಲೊ ವೈರಸ್ ಕಣ್ಣಿನ ಅಕ್ಷಿಪಟಲವನ್ನು ತಿನ್ನುತ್ತಿತ್ತು. ಡಿಎಚ್‌ಪಿಜಿ ಎಂಬ ಔಷಧವನ್ನು ರಕ್ತನಾಳದ ಮೂಲಕ ಡ್ರಿಪ್‌ನಲ್ಲಿ ಕೊಡುತ್ತಿದ್ದರು. ಹೋದ ದೃಷ್ಟಿ ಬರುತ್ತಿರಲಿಲ್ಲ, ಉಳಿದದ್ದನ್ನು ಸ್ವಲ್ಪ ಕಾಲ ಕಾಪಾಡಬಹುದಿತ್ತು. ದೃಷ್ಟಿ ಹೋಗುತ್ತಿದ್ದ ಜಾರ್ಮನ್ 1993ರಲ್ಲಿ ಮಾಡಿದ ‘ಬ್ಲೂ’ ಎಪ್ಪತ್ತೊಂಬತ್ತು ನಿಮಿಷದ ಚಿತ್ರ. ಪರದೆಯ ಮೇಲೆ ಫ್ರೆಂಚ್ ಕಲಾವಿದ ಈವ್ ಕ್ಲೈನ್‌ನ ಕಡುನೀಲಿ ಒಂದೇ, ಮೊದಲಿಂದ ಕೊನೆಯವರೆಗೆ. ಶಬ್ದದಲ್ಲಿ ಮಾತ್ರ ಎಲ್ಲವೂ: ಆಸ್ಪತ್ರೆಯ ಕಾಯುವ ಕೋಣೆ, ಕಾಫಿ ಅಂಗಡಿ, ಸಮುದ್ರ, ಸತ್ತ ಗೆಳೆಯರ ಹೆಸರುಗಳು, ಔಷಧದ ಅಡ್ಡಪರಿಣಾಮಗಳ ಪಟ್ಟಿಯನ್ನು ಉದ್ದಕ್ಕೂ ಓದುವ ದನಿ. ಅವನದೇ ದನಿ, ಜತೆಗೆ ನೈಜೆಲ್ ಟೆರಿ, ಜಾನ್ ಕ್ವೆಂಟಿನ್, ಟಿಲ್ಡಾ ಸ್ವಿಂಟನ್. ಸಂಗೀತ ಸೈಮನ್ ಫಿಶರ್ ಟರ್ನರ್‌ನದು.

ಆ ವರ್ಷಗಳಲ್ಲಿ ಏಡ್ಸ್ ಅಂದರೆ ಪತ್ರಿಕೆಗಳಿಗೆ ಒಂದೇ ಚಿತ್ರ ಗೊತ್ತಿತ್ತು, ಹಾಸಿಗೆಯಲ್ಲಿ ಒಣಗಿದ ಮೈ. ನೋಡಿದವನು ಅಯ್ಯೋ ಅಂದು ಪುಟ ತಿರುವುತ್ತಿದ್ದ. ಜಾರ್ಮನ್ ಅಂಥ ಮೈಯನ್ನು ಕೊಡಲೊಪ್ಪಲಿಲ್ಲ. 1993ರ ಸೆಪ್ಟೆಂಬರ್ 19ರ ರಾತ್ರಿ ಚಾನೆಲ್ 4 ನೀಲಿಯನ್ನು ತೋರಿಸಿತು, ಬಿಬಿಸಿ ರೇಡಿಯೋ 3 ಅದೇ ಹೊತ್ತಿಗೆ ಸ್ಟೀರಿಯೋ ಧ್ವನಿ ಕೊಟ್ಟಿತು. ಟಿವಿಯ ಸ್ಪೀಕರು ಸಣ್ಣದು, ಅದನ್ನು ಮ್ಯೂಟ್ ಮಾಡಿ ಪಕ್ಕದ ರೇಡಿಯೋ ಹಚ್ಚಿದವರಿಗೆ ಪೂರ್ತಿ ಚಿತ್ರ. ಬರೆದು ಕೇಳಿದ ರೇಡಿಯೋ ಶ್ರೋತೃಗಳಿಗೆ ನೋಡುತ್ತ ಕೂರಲು ಒಂದು ನೀಲಿ ಕಾರ್ಡು ಕಳಿಸುವ ಏರ್ಪಾಡಿತ್ತು. ಮೂರು ಫ್ರೇಮಿಗೆ ಇಳಿದಿದ್ದ ಕ್ಯಾಮೆರಾ ಕೊನೆಗೆ ಸೊನ್ನೆಗೆ ಬಂದು ನಿಂತಿತು.

1994ರ ಫೆಬ್ರವರಿ 19, ಶನಿವಾರ ಜಾರ್ಮನ್ ತೀರಿಕೊಂಡ. ಸೋಮವಾರ ರಾತ್ರಿ ಸಂಸತ್ತಿನಲ್ಲಿ ಸಲಿಂಗಿ ಗಂಡಸರ ಸಮ್ಮತಿಯ ವಯಸ್ಸಿನ ಮೇಲೆ ಮತದಾನ. 1967ರ ಕಾನೂನಿನಂತೆ ಅವರಿಗೆ 21, ಉಳಿದವರಿಗೆ 16. ಸಮಾನವಾಗಿ 16 ಮಾಡಬೇಕೆಂಬ ತಿದ್ದುಪಡಿ 280–307ರಲ್ಲಿ ಬಿತ್ತು, 18ಕ್ಕೆ ಇಳಿಸುವುದು ಪಾಸಾಯಿತು. ಹೊರಗೆ ಸಾವಿರಾರು ಜನ ಕಾಯುತ್ತಿದ್ದರು, ಸುದ್ದಿ ಕೇಳಿ ಬಾಗಿಲಿಗೆ ನುಗ್ಗಿದರು. 16 ಆಗಲು 2001ರ ಜನವರಿ ಬರಬೇಕಾಯಿತು. ಸೆಕ್ಷನ್ 28 ಸ್ಕಾಟ್ಲೆಂಡಿನಲ್ಲಿ 2000ದಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2003ರಲ್ಲಿ ಹೋಯಿತು.

ನೋಡುವವರಿಗೆ, ತೋರಿಸುವವರಿಗೆ

ಮೊದಲ ಸಲ ನೋಡುವವರು ‘ಎಡ್ವರ್ಡ್ II’ರಿಂದ ಶುರುಮಾಡಿ. ಸಂಭಾಷಣೆ, ಕಥೆ ಎಲ್ಲ ಇದೆ, ಕಾಲಿಗೆ ನೆಲ ಸಿಗುತ್ತದೆ. ಆಮೇಲೆ ‘ದಿ ಲಾಸ್ಟ್ ಆಫ್ ಇಂಗ್ಲೆಂಡ್’ (1987). ಅದರಲ್ಲಿ ಪಾಳುಬಿದ್ದ ಹಡಗುಕಟ್ಟೆಯ ಬೆಂಕಿಯ ಪಕ್ಕ ಟಿಲ್ಡಾ ಸ್ವಿಂಟನ್ ಮದುವೆಯ ಉಡುಪನ್ನು ಕತ್ತರಿಸಿ ಹರಿಯುವ ಭಾಗ ಬರುವವರೆಗೆ ಎದ್ದು ಹೋಗಬೇಡಿ. ಸೂಪರ್ 8 ಕಿರುಚಿತ್ರಗಳನ್ನು ಅಂತರ್ಜಾಲದಲ್ಲಿ ಹುಡುಕುವಾಗ ವೇಗದ ಮೇಲೆ ಕಣ್ಣಿಡಿ. ಅವು ಮೂರೋ ಆರೋ ಫ್ರೇಮಿಗೆ ನಡೆಯಬೇಕಾದವು, ಯಾರೋ 18ಕ್ಕೆ ಸ್ಕ್ಯಾನ್ ಮಾಡಿ ಹಾಕಿದರೆ ಮೂರರಿಂದ ಆರು ಪಟ್ಟು ವೇಗವಾಗಿ ಓಡಿ ಮೂಕಿಚಿತ್ರದ ತಮಾಷೆಯಂತೆ ಕಾಣುತ್ತವೆ. ಜನ ಕುಣಿದಾಡುವಂತೆ ನಡೆಯುತ್ತಿದ್ದರೆ ಪ್ಲೇಯರಿನಲ್ಲಿ ಕಾಲು ಭಾಗಕ್ಕೆ ಇಳಿಸಿ ನೋಡಿ.

‘ಬ್ಲೂ’ ತೋರಿಸುವುದಾದರೆ ಕಾಳಜಿ ಇನ್ನೂ ಹೆಚ್ಚು ಬೇಕು. ಹಳೆಯ 35 ಎಂಎಂ ಪ್ರಿಂಟಿನಲ್ಲಿ ಧೂಳು, ಗೀರುಗಳು ನೀಲಿಯ ಮೇಲೆ ಮಿನುಗುತ್ತವೆ, ಅದು ಸರಿಯೇ. ಡಿಜಿಟಲ್ ಪ್ರತಿಯಲ್ಲಿ ಮೇಲ್ಮೈ ಬೋಳು, ಪ್ರೊಜೆಕ್ಟರಿನ ಲೆನ್ಸಿನ ಮೇಲಿನ ಪ್ರತಿ ಕಲೆಯೂ ಕಾಣುತ್ತದೆ, ಹಾಗಾಗಿ ಮೊದಲೇ ಒರೆಸಿಡಿ. ಯುರೋಪಿನ ಡಿವಿಡಿಯಲ್ಲಿ 76 ನಿಮಿಷ ಇದ್ದರೆ ಏನೋ ಕತ್ತರಿಸಿದ್ದಾರೆಂದು ಗಾಬರಿ ಬೇಡ, 24 ಫ್ರೇಮಿನ ಚಿತ್ರ 25ರಲ್ಲಿ ಓಡಿದರೆ ಅಷ್ಟೇ ಆಗುವುದು. ತಗ್ಗಿದ ಬಿಟ್‌ರೇಟಿನ ಸ್ಟ್ರೀಮಿಂಗ್‌ನಲ್ಲಿ ನೀಲಿ ಚೌಕಚೌಕವಾಗಿ ಒಡೆಯುತ್ತದೆ. ಸಬ್‌ಟೈಟಲ್ ಹಾಕಿದರೆ ಕಣ್ಣು ಅಲ್ಲೇ ಕಚ್ಚಿಕೊಳ್ಳುತ್ತದೆ, ಬದಲಿಗೆ ಮಾತಿನ ಪಠ್ಯವನ್ನು ಅಚ್ಚು ಹಾಕಿಸಿ ಮೊದಲೇ ಹಂಚುವುದು ಲೇಸು. ತುರ್ತು ನಿರ್ಗಮನದ ದೀಪ ಪರದೆಯ ಪಕ್ಕದಲ್ಲೇ ಇದ್ದರೆ ಅದರ ಬೆಳಕು ನೀಲಿಯ ಒಂದು ಮೂಲೆಯನ್ನು ತೊಳೆದುಬಿಡುತ್ತದೆ. ಅದನ್ನು ಆರಿಸುವಂತಿಲ್ಲ, ಪರದೆಯನ್ನೇ ಸ್ವಲ್ಪ ಸರಿಸಿ. ಖರ್ಚು ಮಾಡಲು ಹಣವಿದ್ದರೆ ಸ್ಪೀಕರಿಗೆ ಮಾಡಿ. ಮನೆಯಲ್ಲಿ ನೋಡುವವರು ಹೊಸ ಟಿವಿಯ ಸೆಟಿಂಗ್‌ಗೆ ಹೋಗಿ ಎರಡು ಬಟನ್ ಆಫ್ ಮಾಡಿ: ‘ಬ್ಲೂ’ಗೆ ಕೋಣೆಯ ಬೆಳಕಿಗೆ ತಕ್ಕಂತೆ ಹೊಳಪು ಬದಲಿಸುವುದನ್ನು, ಉಳಿದ ಚಿತ್ರಗಳಿಗೆ ಚಲನೆಯನ್ನು ನುಣುಪು ಮಾಡುವುದನ್ನು. ಅದು ಆನ್ ಇದ್ದರೆ ಜಾರ್ಮನ್ ಖಾಲಿ ಬಿಟ್ಟ ಫ್ರೇಮುಗಳನ್ನೆಲ್ಲ ಟಿವಿ ತಾನೇ ಊಹಿಸಿ ತುಂಬಿಸಿಬಿಡುತ್ತದೆ.